ಹೊಸ ಹುಡುಗಿಯ ಪಕ್ಕ ಕೂರುವ ಡ್ಯೂಟಿ ನನ್ನ ಮಗಳಿಗೆ ಬಂದಿದೆ. ಏನು ಮಾಡಲಿ?

ಮಳೆಬೀದಿ
ನಮಸ್ಕಾರ ಎಲ್ಲರಿಗೂ. ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಕ್ಲಾಸಿನಲ್ಲಿ ಇದ್ದಿದ್ದೇ 7 ಮಕ್ಕಳು. ಜೂನ್‌ನಲ್ಲಿ ಎಂಟನೆಯವಳು ಸೇರಿದಳು. ಅವಳ ಅಪ್ಪ ಅಮ್ಮ ಕೊಪ್ಪಳ ಕಡೆಯವರು, ಇಲ್ಲಿ ತೋಟದ ಕೆಲಸಕ್ಕೆ ಬಂದು ಬಿಡಾರದಲ್ಲಿದ್ದಾರೆ.

ಹುಡುಗಿ ಮಾತೇ ಆಡುವುದಿಲ್ಲ. ಮೊದಲ ದಿನ "ಪಾಟಿಚೀಲ ಎಲ್ಲಿ ಇಡ್ಲಿ" ಅಂತ ಕೇಳಿದಳಂತೆ, ಎಲ್ಲರೂ ನಕ್ಕರಂತೆ. ನನ್ನ ಮಗಳೂ ನಕ್ಕಿದ್ದಾಳೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಟೀಚರ್ ಇವಳನ್ನು ಕರೆದು "ನೀನು ಜಾಣೆ, ಅವಳನ್ನು ನೀನೇ ನೋಡ್ಕೋಬೇಕು" ಅಂದರು. ನಮಗೆ ಆಗ ಹೆಮ್ಮೆಯೇ ಆಯಿತು. ಈಗ ಐದು ವಾರ ಕಳೆದಿದೆ. ಪಕ್ಕದಲ್ಲಿ ಕೂರಬೇಕು, ಬಿಸಿಯೂಟಕ್ಕೆ ಜೊತೆಗಿರಬೇಕು, ನೀರು ಕುಡಿಯಲು ಹೋದರೂ ಕರೆದುಕೊಂಡು ಹೋಗಬೇಕು. ಇವಳ ಹಳೇ ಗೆಳತಿಯರಿಬ್ಬರು ಠೂ ಬಿಟ್ಟಿದ್ದಾರೆ. ನಿನ್ನೆ ರಾತ್ರಿ ಹಾಸಿಗೆ ಹಾಸುವಾಗ "ಅಮ್ಮಾ, ಎಷ್ಟು ದಿನ ಅಂತ ಟೀಚರ್ ಹೇಳಲೇ ಇಲ್ಲ" ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಬಿಡು ಅಂದರೆ ಆ ಹುಡುಗಿ ಒಂಟಿ. ಮುಂದುವರಿಸು ಅಂದರೆ ಇವಳು ಒಂಟಿ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಅಡಿಕೆಸಿಪ್ಪೆ
ಇದೆಲ್ಲ ಈಗಿನ ಕಾಲದ ತಲೆನೋವು. ನಮ್ಮ ಕಾಲದಲ್ಲಿ ಯಾರೂ ಯಾರಿಗೂ ಸ್ನೇಹ ಮಾಡಿಸುತ್ತಿರಲಿಲ್ಲ. ತಾನಾಗೇ ಆಗುತ್ತಿತ್ತು. ಸುಮ್ನೆ ಬಿಡಿ ಮಾರಾಯ್ರೆ.

ಸಾಗರದ ಸೊಸೆ
ಅಣ್ಣಾ, ನಿಮ್ಮ ಕಾಲದಲ್ಲಿ ಆಗದವರು ಇವತ್ತಿಗೂ ಮದುವೆ ಮನೆಯಲ್ಲಿ ಮೂಲೆಯ ಕುರ್ಚಿ ಹುಡುಕುತ್ತಾರೆ. ನಾನೇ ಒಬ್ಬಳು.

ಆಗುಂಬೆ ಜಿಗಣೆ
ಮೂಲೆಯ ಕುರ್ಚಿಯಿಂದ ಊಟದ ಪಂಕ್ತಿಗೆ ಬೇಗ ಹೋಗಬಹುದು, ಅದು ಬೇರೆ ವಿಷಯ.

ಕೊಪ್ಪಳದ ಕೂಸು
ಅಕ್ಕಾರ, ನಾನು ಕುಷ್ಟಗಿ ತಾಲ್ಲೂಕಿನಾಕಿ, ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ಒಂಬತ್ತು ವರ್ಷ. ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಪಾಟಿಚೀಲ ಅಂದರೆ ನಗೋದ್ಯಾಕೆ? ಪಾಟಿ ಅಂದರೆ ಸ್ಲೇಟು. ಸ್ಲೇಟು ಇಡೋ ಚೀಲ ಪಾಟಿಚೀಲ. ನೀವು ಅನ್ನೋ ಸ್ಕೂಲ್ ಬ್ಯಾಗ್ ಯಾವ ಊರಿನ ಕನ್ನಡ? ನನಗೂ ಇಲ್ಲಿ ಮೊದಲ ವರ್ಷ ಅಂಗಡಿಯಲ್ಲಿ "ಒಲ್ಲೆ" ಅಂದಿದ್ದಕ್ಕೆ ನಕ್ಕಿದ್ದರು. ಆಮೇಲೆ ಬೇಕಾದ ಸಾಮಾನು ಚೀಟಿ ಬರೆದುಕೊಂಡು ಹೋಗುತ್ತಿದ್ದೆ. ಮಾತಾಡೋದೇ ಬೇಡ ಅಂತ. ಇಪ್ಪತ್ನಾಲ್ಕು ವರ್ಷದ ನನಗೇ ಹಾಗಾದರೆ ಹತ್ತು ವರ್ಷದ ಕೂಸಿಗೆ ಹೆಂಗಾಗಿರಬೇಡ?

ಭದ್ರಾವತಿ ಕಬ್ಬಿಣ
ನಾವು ಬೆಂಗಳೂರಲ್ಲಿ "ಎಂತ" ಅಂದರೂ ನಗುತ್ತಾರೆ. ಎಲ್ಲರದ್ದೂ ಅದೇ ಕಥೆ.

ಕೊಪ್ಪಳದ ಕೂಸು
ಅಲ್ರೀ ಅಣ್ಣ, ನಿಮಗೆ ನಕ್ಕರೆ ನೀವು ರೂಮಿಗೆ ಹೋಗಿ ಊರಿನ ಹುಡುಗರ ಜೊತೆ ಬೈಕೋತೀರಿ. ಈ ಹುಡುಗಿಗೆ ಆ ಶಾಲೆಯಲ್ಲಿ ಊರಿನವರು ಯಾರಿದ್ದಾರೆ?

ಭದ್ರಾವತಿ ಕಬ್ಬಿಣ
ಅದು ಹೌದು. ಒಪ್ಪಿದೆ.

ನಲಿಕಲಿ ಟೀಚರ್
ಹೊಸನಗರ ತಾಲ್ಲೂಕಿನಲ್ಲಿ ಟೀಚರ್ ಆಗಿ ನನಗೆ 17 ವರ್ಷ. ಮೊದಲಿಗೆ ಒಂದು ಮಾತು: ಆ ಟೀಚರ್ ತಪ್ಪು ಮಾಡಿದ್ದಾರೆ, ಆದರೆ ಅದೇ ತಪ್ಪು ನಾನೂ ಮಾಡಿದ್ದೇನೆ. ಕ್ಲಾಸಿನಲ್ಲಿ ಯಾರು ಮಾತು ಕೇಳುತ್ತಾರೋ ಅವರ ತಲೆ ಮೇಲೇ ಎಲ್ಲ ಕೆಲಸ ಬೀಳುತ್ತದೆ. ಬೋರ್ಡ್ ಒರೆಸೋದು ಅವಳೇ, ಪುಸ್ತಕ ಹಂಚೋದು ಅವಳೇ, ಈಗ ಸ್ನೇಹಿತೆಯಾಗೋದೂ ಅವಳೇ.

ನಲಿಕಲಿ ಗೊತ್ತಿರುವವರಿಗೆ ಇದು ಅರ್ಥ ಆಗುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ಕೂತು ಕಲಿಯುತ್ತಾರೆ. ಅದರಲ್ಲಿ ಸಹಪಾಠಿ ಬೆಂಬಲಿತ ಗುಂಪು ಅಂತಲೇ ಒಂದಿದೆ. ಇವತ್ತು ನಾನು ನಿನಗೆ ಹೇಳಿಕೊಟ್ಟೆ, ಮುಂದಿನ ಮೆಟ್ಟಿಲಲ್ಲಿ ನಾನೇ ಇನ್ನೊಬ್ಬರ ಹತ್ತಿರ ಕೇಳುತ್ತೇನೆ. ಯಾರೂ ಕಾಯಂ ಮೇಷ್ಟ್ರಲ್ಲ, ಯಾರೂ ಕಾಯಂ ಪಾಪದವರಲ್ಲ. ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ನಾವು ಅದನ್ನು ಮರೆತುಬಿಡುತ್ತೇವೆ.

ನಾನು ಈಗ ಮಾಡೋದು ಇಷ್ಟು. ಹೊಸ ಮಗು ಬಂದರೆ ಕ್ಲಾಸಿನಲ್ಲಿ ಏನೂ ಹೇಳುವುದಿಲ್ಲ. ಎಲ್ಲ ಮಕ್ಕಳಿಗೂ ಜೋಡಿ ಕೆಲಸ ಹಚ್ಚುತ್ತೇನೆ. ಬಿಸಿಯೂಟದ ತಟ್ಟೆ ಜೋಡಿಸಲು ಇಬ್ಬರು, ಗಿಡಕ್ಕೆ ನೀರು ಹಾಕಲು ಇಬ್ಬರು, ಹಾಲಿನ ಲೋಟ ಎಣಿಸಲು ಇಬ್ಬರು. ಸೋಮವಾರ ಜೋಡಿ ಬದಲು. ಹೊಸಬಳು ಆ ಲೆಕ್ಕದಲ್ಲಿ ಸುಮ್ಮನೆ ಒಬ್ಬಳಾಗುತ್ತಾಳೆ. ಎರಡು ತಿಂಗಳಲ್ಲಿ ಎಲ್ಲರ ಜೊತೆಗೂ ಒಂದೊಂದು ವಾರ ಕಳೆದಿರುತ್ತಾಳೆ. ಸ್ನೇಹ ಆಗಲಿ ಅಂತ ನಾನು ಕಾಯುವುದಿಲ್ಲ. ಪರಿಚಯ ಆದರೆ ನನ್ನ ಕೆಲಸ ಮುಗಿಯಿತು.

ಮಳೆಬೀದಿ
ಟೀಚರ್, ಇದನ್ನು ಅವರಿಗೆ ಹೇಗೆ ಹೇಳಲಿ? "ನೀವು ತಪ್ಪು ಮಾಡಿದ್ರಿ" ಅಂದ ಹಾಗೆ ಆಗುವುದಿಲ್ವಾ?

ನಲಿಕಲಿ ಟೀಚರ್
"ಮಗಳಿಗೆ ಸುಸ್ತಾಗಿದೆ, ಇನ್ನೊಂದಿಬ್ಬರನ್ನು ಜೊತೆಗೆ ಹಾಕಿ" ಅನ್ನಿ, ಸಾಕು. ಪೋಷಕರ ಸಭೆಯಲ್ಲಿ ಎಲ್ಲರೆದುರು ಮಾತ್ರ ಹೇಳಬೇಡಿ. ಅಲ್ಲಿ ಹೇಳಿದರೆ ನಾನೂ ಬಾಗಿಲು ಹಾಕಿಕೊಳ್ಳುತ್ತೇನೆ.

ಗುಂಡಪ್ಪಶೆಡ್ ಹುಡುಗ
ಹೊರದೇಶದಲ್ಲಿ ಇದಕ್ಕೆ ಬಡ್ಡಿ ಬೆಂಚ್, ಅಂದರೆ ಗೆಳೆಯರ ಬೆಂಚು ಅಂತ ಇಡುತ್ತಾರೆ. ಆಡಲು ಯಾರೂ ಇಲ್ಲದ ಮಗು ಅದರ ಮೇಲೆ ಕೂತರೆ ಬೇರೆ ಮಕ್ಕಳು ಬಂದು ಕರೆಯಬೇಕು. ಜಿಂಬಾಬ್ವೆಯಲ್ಲಿ ಶುರುವಾಗಿದ್ದು. ನಮ್ಮ ಶಾಲೆಗಳಲ್ಲೂ ಇಟ್ಟರೆ ಆಗುತ್ತೆ.

ಶೆಟ್ಟಿಹಳ್ಳಿ ದಾರಿ
ಎರಡು ಬೆಂಚು ಕಲಸಿದಿರಿ. ಜಿಂಬಾಬ್ವೆಯದ್ದು ಫ್ರೆಂಡ್‌ಶಿಪ್ ಬೆಂಚ್. 2006ರಲ್ಲಿ ಅಲ್ಲಿನ ಒಬ್ಬ ಮನೋವೈದ್ಯರು ಶುರುಮಾಡಿದ್ದು. ಅಲ್ಲಿ ಕೂರುವುದು ತರಬೇತಿ ಪಡೆದ ಅಜ್ಜಿಯರು, ಬಂದವರ ಕಷ್ಟ ಕೇಳುತ್ತಾರೆ. ನೀವು ಹೇಳಿದ ಬಡ್ಡಿ ಬೆಂಚ್ ಹೆಸರಾಗಿದ್ದು 2013ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಬ್ಬ ಎರಡನೇ ಕ್ಲಾಸಿನ ಹುಡುಗನಿಂದ. ಅವನು ಜರ್ಮನಿಯ ಒಂದು ಶಾಲೆಯಲ್ಲಿರುವ ಅಂಥ ಬೆಂಚಿನ ಚಿತ್ರ ನೋಡಿ, ನಮ್ಮಲ್ಲೂ ಇಡಿ ಅಂತ ಹೆಡ್‌ಮಾಸ್ಟರ್‌ಗೆ ಕೇಳಿದ್ದು.

ಗುಂಡಪ್ಪಶೆಡ್ ಹುಡುಗ
ಸರಿ ಸರ್. ಬೆಂಚಂತೂ ಬೆಂಚೇ ಅಲ್ವಾ.

ಆಗುಂಬೆ ಜಿಗಣೆ
ನಮ್ಮ ಕಡೆ ಜುಲೈನಲ್ಲಿ ಆ ಬೆಂಚಿನ ಮೇಲೆ ಕೂರುವವನು ನಾನೊಬ್ಬನೇ. ಪಾಚಿ, ಜಿಗಣೆ, ಮತ್ತೆ ರಜೆ.

ವಿನೋಬನಗರದಿಂದ
ತಮಾಷೆ ಇರಲಿ, ನನ್ನ ಮಗ ಓದುವ ಖಾಸಗಿ ಶಾಲೆಯಲ್ಲಿ ನಿಜಕ್ಕೂ ಇಟ್ಟಿದ್ದರು. ಹಳದಿ ಬಣ್ಣ ಬಳಿದು ಹೂವು ಬರೆಸಿ. ಒಂದೇ ತಿಂಗಳಲ್ಲಿ ಮಕ್ಕಳು ಅದಕ್ಕೆ ಪಾಪದ ಬೆಂಚು ಅಂತ ಹೆಸರಿಟ್ಟರು. ಆಮೇಲೆ ಯಾರೂ ಕೂರಲಿಲ್ಲ. ಈಗ ಅದರ ಮೇಲೆ ಡ್ರೈವರ್‌ಗಳು ಕೂರುತ್ತಾರೆ. ಅವರಿಗಂತೂ ಒಳ್ಳೇ ಸ್ನೇಹ ಆಗಿದೆ.

ಶೆಟ್ಟಿಹಳ್ಳಿ ದಾರಿ
ಅದು ಬೆಂಚಿನ ತಪ್ಪಲ್ಲ. ಯಾರಾದರೂ ಕೂತರೆ ಹೋಗಿ ಏನನ್ನಬೇಕು ಅಂತ ಉಳಿದ ಮಕ್ಕಳಿಗೆ ಕಲಿಸಬೇಕು. "ಪಾಪ, ಬಾ" ಅನ್ನಬೇಕಾ, "ನಮಗೆ ಒಬ್ಬರು ಕಮ್ಮಿ ಇದ್ದಾರೆ, ಬರ್ತೀಯಾ" ಅನ್ನಬೇಕಾ? ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ.

ಸಾಗರದ ಸೊಸೆ
ಮಳೆಬೀದಿ ಅಕ್ಕ, ಒಂದು ಕೇಳಬೇಕಿತ್ತು. ಆಟಕ್ಕೆ ಸೇರಿಸಿಕೊಳ್ಳುತ್ತಾರಾ ಅವಳನ್ನು?

ಮಳೆಬೀದಿ
ಮಗಳನ್ನು ಕೇಳಿದೆ. ಮಳೆ ಬಿಟ್ಟಾಗ ಲಗೋರಿ ಆಡುತ್ತಾರಂತೆ. "ಸೇರಿಸ್ಕೋತೀವಿ, ಅವಳು ಲೆಕ್ಕಕ್ಕಿಲ್ಲ" ಅಂದಳು. ಚೆಂಡು ತಾಗಿದರೂ ಔಟ್ ಇಲ್ಲ. ಕಲ್ಲು ಜೋಡಿಸಿದರೂ ಪಾಯಿಂಟ್ ಇಲ್ಲ. ಸುಮ್ಮನೆ ಓಡಾಡಿಕೊಂಡಿರೋದು.

ಅಡಿಕೆಸಿಪ್ಪೆ
ಅದು ಒಳ್ಳೇದೇ ಅಲ್ವಾ? ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ನಮ್ಮ ತಮ್ಮ ತಂಗಿಯರನ್ನೆಲ್ಲ ಹಾಗೇ ಆಡಿಸಿದ್ದು. ಚಿಕ್ಕವರು ಅಳಬಾರದು ಅಂತ ಹಿರಿಯರು ಮಾಡಿದ ಉಪಾಯ.

ಸಾಗರದ ಸೊಸೆ
ತಮ್ಮನಿಗೆ ಮೂರು ವರ್ಷ. ಅವನಿಗೆ ಓಡಿದರೆ ಸಾಕು, ಖುಷಿ. ಇವಳು ಅವರದ್ದೇ ವಯಸ್ಸಿನವಳು. ತಾಗಿದ ಚೆಂಡು ತಾಗಿಲ್ಲ ಅಂತ ಆದರೆ ಅವಳು ಅಲ್ಲಿ ಇದ್ದಾಳೋ ಇಲ್ಲವೋ? ನನ್ನನ್ನು ಕೇಳಿದರೆ ಆಟಕ್ಕೇ ಸೇರಿಸದಿದ್ದರೆ ಇದಕ್ಕಿಂತ ವಾಸಿ.

ಅಡಿಕೆಸಿಪ್ಪೆ
ಏನು ಮಾಡಿದರೂ ತಪ್ಪು ಅನ್ನುವವರ ಜೊತೆ ವಾದ ಮಾಡಲ್ಲ.

ಭದ್ರಾವತಿ ಕಬ್ಬಿಣ
ಒಂದು ಲೆಕ್ಕ ಹೇಳಲಾ? ಮೊದಲು ಇದ್ದಿದ್ದು 7 ಮಕ್ಕಳು. ಎರಡು ಪಾರ್ಟಿ ಮಾಡಿದರೆ ಒಂದು ಕಡೆ 3, ಒಂದು ಕಡೆ 4. ಈಗ 8. ನಾಲ್ಕು ನಾಲ್ಕು ಸರಿಹೋಗುತ್ತೆ. ಹೊಸ ಹುಡುಗಿಯಿಂದ ಆಟ ಸರಿಯಾಗಬೇಕಿತ್ತು. ಅವಳನ್ನೇ ಲೆಕ್ಕಕ್ಕಿಲ್ಲ ಮಾಡಿ ಮತ್ತೆ 3, 4 ಆಡುತ್ತಿದ್ದಾರಲ್ಲ!

ಮಳೆಬೀದಿ
ಅಯ್ಯೋ ಹೌದಲ್ವಾ. ನನಗೆ ಹೊಳೆದೇ ಇರಲಿಲ್ಲ.

ಹಳೇ ಪಿಟಿ ಮೇಷ್ಟ್ರು
ಈ ಲೆಕ್ಕ ನಮ್ಮನ್ನು ಜೀವಮಾನ ಪೂರ್ತಿ ಕಾಡಿದೆ. ಕಬಡ್ಡಿ ಅಂಕಣಕ್ಕೆ 7 ಜನ ಬೇಕು, ಖೋಖೋಗೆ 9. ಇಡೀ ಶಾಲೆಯಲ್ಲಿ 20 ಮಕ್ಕಳಿರುವ ಕಡೆ ತಂಡ ಎಲ್ಲಿಂದ ತರೋದು? ಹೋಬಳಿ ಮಟ್ಟದ ಆಟಕ್ಕೆ ಚಪ್ಪಲಿ ಇಲ್ಲದ, ನೆಗಡಿ ಬಂದ ಮಕ್ಕಳನ್ನೆಲ್ಲ ಸೇರಿಸಿಕೊಂಡು ಹೋಗಿದ್ದೇನೆ. ಒಂದು ಸತ್ಯ ಹೇಳುತ್ತೇನೆ. ಚಿಕ್ಕ ಶಾಲೆಯಲ್ಲಿ ಯಾರನ್ನೂ ಬಿಡುವ ಹಾಗಿಲ್ಲ. ಅದೇ ಅದರ ಭಾಗ್ಯ.

ವಿನೋಬನಗರದಿಂದ
ಅದು ಭಾಗ್ಯವೂ ಹೌದು, ಕರ್ಮವೂ ಹೌದು ಸರ್. ನಮ್ಮ ಶಿವಮೊಗ್ಗದ ಶಾಲೆಯಲ್ಲಿ ಒಂದು ಸೆಕ್ಷನ್‌ನಲ್ಲಿ 45 ಮಕ್ಕಳು. ಒಬ್ಬಳು ಠೂ ಬಿಟ್ಟರೆ ಇನ್ನೊಬ್ಬಳು ಸಿಗುತ್ತಾಳೆ. ಏಳೇ ಜನ ಇರುವ ಕಡೆ ಇಬ್ಬರು ಠೂ ಬಿಟ್ಟರೆ ಕ್ಲಾಸೇ ಖಾಲಿ.

ಹಿನ್ನೀರು
ನಾನು ಈ ವೇದಿಕೆಯಲ್ಲಿ ಹೆಚ್ಚು ಬರೆಯುವವನಲ್ಲ. ವಯಸ್ಸಾಗಿದೆ, ಮೊಬೈಲಿನಲ್ಲಿ ಟೈಪ್ ಮಾಡುವುದು ನಿಧಾನ. ಆದರೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಮನೆ, ಗದ್ದೆ, ನಾನು ಒಂದನೇ ಕ್ಲಾಸು ಓದಿದ ಶಾಲೆ ಎಲ್ಲ ಶರಾವತಿ ನೀರಿನ ಅಡಿ ಹೋಯಿತು. ನಾವು ಬೇರೆ ಕಡೆ ಬಂದು ಗುಡಿಸಲು ಹಾಕಿದೆವು. ಹೊಸ ಶಾಲೆಯಲ್ಲಿ ನನಗೆ ಹೆಸರಿರಲಿಲ್ಲ. ಮುಳುಗಡೆ ಹುಡುಗ ಅನ್ನುತ್ತಿದ್ದರು. ಮೇಷ್ಟ್ರೂ ಹಾಗೇ ಕರೆಯುತ್ತಿದ್ದರು. ಅವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ಗುರುತಿಗೆ ಅಷ್ಟೇ.

ಶಾಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳ, ಅದಕ್ಕೆ ಸಂಕ. ಎರಡು ಅಡಿಕೆ ಮರ ಜೋಡಿಸಿ ಹಾಕಿದ್ದು. ಮಳೆಗಾಲದಲ್ಲಿ ಕೆಳಗೆ ಕೆಂಪು ನೀರು, ಮೇಲೆ ಜಾರಿಕೆ. ಒಂದು ದಿನ ನಾನು ಹೋಗುವಾಗ ನನ್ನದೇ ಕ್ಲಾಸಿನ ಒಬ್ಬ ಕಂಬಳಿ ಕೊಪ್ಪೆ ಹಾಕಿಕೊಂಡು ಸಂಕದ ಈಚೆ ನಿಂತಿದ್ದ. ದಿನಾ ಅವನ ಅಣ್ಣ ದಾಟಿಸುತ್ತಿದ್ದನಂತೆ. ಅಣ್ಣನಿಗೆ ಅವತ್ತು ಜ್ವರ. "ನಿಂಗೆ ದಾಟಕ್ಕೆ ಬರುತ್ತಾ?" ಅಂತ ಕೇಳಿದ. ಬರುತ್ತೆ ಅಂದೆ. ಹೊಳೆ ಬದಿಯಲ್ಲಿ ಹುಟ್ಟಿದವನು ನಾನು, ಬರದೇ ಏನು. ಹಿಂದಿನಿಂದ ನನ್ನ ಅಂಗಿ ಹಿಡಿದುಕೊಂಡು ದಾಟಿದ. ಮಾರನೇ ದಿನ ಅಣ್ಣನ ಜ್ವರ ಬಿಟ್ಟಿತ್ತು. ಆದರೂ ಇವನು ನನಗೇ ಕಾದಿದ್ದ.

ಅವನು ನನಗೆ ಸಹಾಯ ಮಾಡಲು ಬಂದವನಲ್ಲ. ಅವನಿಗೇ ಹೆದರಿಕೆ ಇತ್ತು. ಅದಕ್ಕೇ ನನಗೆ ಅವನ ಮುಂದೆ ಕುಗ್ಗಬೇಕಾಗಿ ಬರಲಿಲ್ಲ. ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಅವನದ್ದು ಮಂಡಿನೋವು, ನನ್ನದು ಸಕ್ಕರೆ.

ಕೊಪ್ಪಳದ ಕೂಸು
ಅಜ್ಜಾರ, ನಿಮಗೆ ಶರಣು.

ಅಡಿಕೆಸಿಪ್ಪೆ
ನಮ್ಮ ಅಜ್ಜಿ ಮನೆಯೂ ಅದೇ ಮುಳುಗಡೆ. ಯಾವ ಊರು ಸರ್ ನಿಮ್ಮದು?

ಹಿನ್ನೀರು
ಈಗ ಊರಿಲ್ಲ. ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದರೆ ನಮ್ಮ ದೇವಸ್ಥಾನದ ಕಲ್ಲು ಕಾಣುತ್ತದೆ.

ಡಾಕ್ಟರಮ್ಮ
ಒಂದು ವಿಷಯ ಯಾರೂ ಹೇಳಿಲ್ಲ, ಅದಕ್ಕೆ ಹೇಳುತ್ತೇನೆ. ಎಲ್ಲ ಮೌನವೂ ನಾಚಿಕೆಯಲ್ಲ. ಶಾಲೆ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬರುತ್ತಾ, ಊಟ ಬಿಡುತ್ತಿದೆಯಾ, ರಾತ್ರಿ ಬೆಚ್ಚಿ ಏಳುತ್ತಿದೆಯಾ ಅಂತ ಮನೆಯವರು ಗಮನಿಸಬೇಕು. ಹಾಗಿದ್ದರೆ ಅದನ್ನು ಇನ್ನೊಂದು ಮಗುವಿನ ತಲೆಗೆ ಕಟ್ಟಬಾರದು, ದೊಡ್ಡವರು ನೋಡಬೇಕು. ಮನಸ್ಸಿನ ತೊಂದರೆಗೆ ಸಲಹೆ ಕೇಳಲು ಟೆಲಿ ಮಾನಸ್ ಅಂತ 14416 ನಂಬರ್ ಇದೆ. ಸರ್ಕಾರದ್ದು, 2022ರಿಂದ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಗುಂಡಪ್ಪಶೆಡ್ ಹುಡುಗ
ಇಷ್ಟಕ್ಕೆಲ್ಲ ಹೆಲ್ಪ್‌ಲೈನಾ ಮೇಡಂ?

ಡಾಕ್ಟರಮ್ಮ
ಬಹಳಷ್ಟು ಸಲ ಬೇಡ. ಬೇಕಾದಾಗ ನಂಬರ್ ಹುಡುಕುತ್ತಾ ಕೂರಬಾರದು ಅಂತ ಹೇಳಿದ್ದು.

ಸಾಗರದ ಸೊಸೆ
ಪಂಚಮಿ ಬರುತ್ತಿದೆ. ಅವರ ಕಡೆ ದೊಡ್ಡ ಹಬ್ಬ ಅಲ್ವಾ? ಅವಳ ಕೈಯಲ್ಲಿ ಉಂಡೆ ತರಿಸಿ, ಕ್ಲಾಸಿನಲ್ಲಿ ಹಂಚಿಸಿ. ತಿಂಡಿ ಮುಂದೆ ಯಾವ ಠೂ ನಿಲ್ಲುತ್ತೆ?

ಕೊಪ್ಪಳದ ಕೂಸು
ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು, ಮರಕ್ಕೆ ಜೋಕಾಲಿ. ನೆನಪು ಮಾಡಬ್ಯಾಡ್ರಿ ಅಕ್ಕಾರ, ಬಾಯಾಗ ನೀರು ಬಂತು. ಇಲ್ಲಿ ಪಂಚಮಿ ಅಂದರೆ ನಾಗರಕಲ್ಲಿಗೆ ಹಾಲೆರೆದು, ಅರಿಶಿನ ಎಲೆ ಕಡುಬು ತಿಂದು ಮಲಗುತ್ತಾರೆ.

ಆಗುಂಬೆ ಜಿಗಣೆ
ಅರಿಶಿನ ಎಲೆ ಕಡುಬಿಗೆ ಏನಾದರೂ ಅಂದರೆ ನಾನು ವೇದಿಕೆ ಬಿಡುತ್ತೇನೆ.

ಕೊಪ್ಪಳದ ಕೂಸು
ಕಡುಬಿಗೆ ಏನೂ ಅಂದಿಲ್ಲ ಅಣ್ಣ. ಮಲಗಿದ್ದಕ್ಕೆ ಅಂದೆ.

ನಿರ್ವಾಹಕರು
ತಿಂಡಿಗೆ ಬೇರೆ ವಿಭಾಗ ಇದೆ. ದಯವಿಟ್ಟು ವಿಷಯಕ್ಕೆ ಬನ್ನಿ.

ಮಳೆಬೀದಿ, ಎರಡು ವಾರದ ನಂತರ
ಉಂಡೆಯ ಕಥೆ ಹೇಳುತ್ತೇನೆ. ನಾನು ಬಿಡಾರಕ್ಕೆ ಹೋಗಿ ಅವಳ ಅಮ್ಮನನ್ನು ಮಾತಾಡಿಸಿದೆ. ಪಾಪ, ಆಕೆಗೆ ಎಷ್ಟು ಖುಷಿಯಾಯಿತು ಅಂದರೆ ಒಂದು ಡಬ್ಬಿ ತುಂಬ ಶೇಂಗಾ ಉಂಡೆ ಕಟ್ಟಿ ಕಳಿಸಿದರು. ಮಕ್ಕಳು ಮುಗಿಬಿದ್ದು ತಿಂದರಂತೆ. ತಿಂದು, ಕೈ ತೊಳೆದು, ಆಡಲು ಓಡಿದರಂತೆ. ಹುಡುಗಿ ಖಾಲಿ ಡಬ್ಬಿ ಹಿಡಿದುಕೊಂಡು ಜಗಲಿಯಲ್ಲಿ ನಿಂತಿದ್ದಳಂತೆ. ಮಗಳು ಹೇಳುವಾಗ ನನಗೇ ಗಂಟಲು ಕಟ್ಟಿತು.

ಸಾಗರದ ಸೊಸೆ
ಅಯ್ಯೋ. ನನ್ನದೇ ಸಲಹೆ. ಕ್ಷಮಿಸಿ ಅಕ್ಕ.

ಅಡಿಕೆಸಿಪ್ಪೆ
ನಿಮ್ಮ ತಪ್ಪಲ್ಲ ಬಿಡಿ. ದೊಡ್ಡವರೂ ಹಾಗೇ. ಗೃಹಪ್ರವೇಶದ ಊಟ ಮಾಡಿ ಮನೆ ಯಜಮಾನನ ಮುಖ ನೋಡದೇ ಬರುವವರಿದ್ದಾರೆ.

ಮಳೆಬೀದಿ
ಇನ್ನೊಂದು ಕಡೆ ಸ್ವಲ್ಪ ಒಳ್ಳೆಯ ಸುದ್ದಿ. ಟೀಚರ್ ಹತ್ತಿರ ನಲಿಕಲಿ ಮೇಡಂ ಹೇಳಿಕೊಟ್ಟ ಹಾಗೇ ಹೇಳಿದೆ. ಅವರಿಗೂ ಬೇಕಿತ್ತು ಅನಿಸುತ್ತೆ, ಆಯ್ತು ಅಂದರು. ಈಗ ಜೋಡಿ ಕೆಲಸ ಶುರುವಾಗಿದೆ. ನನ್ನ ಮಗಳಿಗೆ ಬಿಡುಗಡೆ. ಹಳೇ ಗೆಳತಿಯರಲ್ಲಿ ಒಬ್ಬಳು ಠೂ ಮುಗಿಸಿದ್ದಾಳೆ, ಇನ್ನೊಬ್ಬಳು ಯೋಚನೆ ಮಾಡುತ್ತಿದ್ದಾಳಂತೆ.

ಹೊಸ ಹುಡುಗಿಗೆ ಈ ವಾರ ಜೋಡಿಯಾಗಿ ಬಂದವನು ಕ್ಲಾಸಿನ ಮಹಾ ತುಂಟ. ತಟ್ಟೆ ಜೋಡಿಸುವ ಕೆಲಸ. ಅವನಿಗೆ 17ರ ಮಗ್ಗಿ ಬಾರದೆ ದಿನಾ ನಿಲ್ಲುವ ಶಿಕ್ಷೆ. ಅವಳು ತಟ್ಟೆ ಎಣಿಸುತ್ತಾ ಬಾಯಲ್ಲೇ ಮಗ್ಗಿ ಹೇಳಿಕೊಳ್ಳುತ್ತಿದ್ದಳಂತೆ, ಇಪ್ಪತ್ತರ ತನಕ. ಇವನು ಕೇಳಿಸಿಕೊಂಡು, "ಏ, ಹದಿನೇಳೈದ್ಲಿ ಎಷ್ಟು? ನಾಳೆ ನಂಗೆ ಪಿಸುಗುಡ್ತೀಯಾ?" ಅಂದಿದ್ದಾನೆ. ಅವಳು ಹೂಂ ಅಂದಳಂತೆ. ಅಷ್ಟು ದಿನದಲ್ಲಿ ಮೊದಲ ಹೂಂ.

ಹಳೇ ಪಿಟಿ ಮೇಷ್ಟ್ರು
ಕಾಪಿ ಹೊಡೆಯುವುದರಿಂದಲೇ ಶುರುವಾದ ಸ್ನೇಹ ಗಟ್ಟಿ. ಟೀಚರ್ ಆಗಿ ನಾನು ಇದನ್ನು ಹೇಳಬಾರದು.

ಹಿನ್ನೀರು
ಸಂಕ ಸಿಕ್ಕಿತು.

ನಲಿಕಲಿ ಟೀಚರ್
ಆ ಟೀಚರ್‌ಗೆ ನನ್ನ ನಮಸ್ಕಾರ ಹೇಳಿ. ಹೇಳಿದ್ದನ್ನು ಕೇಳಿಸಿಕೊಂಡರಲ್ಲ, ಅದು ಸುಲಭ ಅಲ್ಲ. ನಿಮ್ಮ ಮಗಳಿಗೂ ಯಾರಾದರೂ ಥ್ಯಾಂಕ್ಸ್ ಹೇಳಿದರಾ? ಐದು ವಾರ ಪಕ್ಕದಲ್ಲಿ ಕೂತಿದ್ದಳು.

ಮಳೆಬೀದಿ
ನಾನೇ ಹೇಳಿರಲಿಲ್ಲ. ಇವತ್ತು ಹೇಳಿದೆ. "ಏನಕ್ಕೆ?" ಅಂದಳು.

ಮಳೆಬೀದಿ, ಒಂದೂವರೆ ತಿಂಗಳ ನಂತರ
ಗಣಪತಿ ಹಬ್ಬ ಕಳೆದು ಮಳೆ ಹೊಳವಾಯಿತು, ಅಂಗಳ ಒಣಗಿತು. ಇವತ್ತು ಮಗಳು ಮನೆಗೆ ಬಂದವಳೇ ಬ್ಯಾಗ್ ಎಸೆದು ಕೂತಳು. ಏನಾಯ್ತೇ ಅಂದರೆ, "ಅವಳು ಮೋಸ ಮಾಡ್ತಾಳೆ, ಇನ್ನು ಅವಳ ಜೊತೆ ಆಡಲ್ಲ." ಯಾರು ಅಂದರೆ, ಹೊಸಬಳು!

ಭದ್ರಾವತಿ ಕಬ್ಬಿಣ ಅವರ ಲೆಕ್ಕ ನಾನು ಆಗಲೇ ಮಗಳಿಗೆ ಹೇಳಿದ್ದೆ. ಈಗ ನಾಲ್ಕು ನಾಲ್ಕು ಜನ ಲಗೋರಿ ಆಡುತ್ತಾರಂತೆ. ಇವತ್ತು ಏಳು ಕಲ್ಲಿನಲ್ಲಿ ಆರು ಜೋಡಿಸಿಯಾಗಿತ್ತು. ಕೊನೆಯದು ಹೊಸಬಳ ಕೈಯಲ್ಲಿ. ನನ್ನ ಮಗಳು ಚೆಂಡು ಹೊಡೆದಳು. ಅದು ಅವಳ ಸ್ಕರ್ಟಿಗೆ ತಾಗಿತು. ಇವಳು "ಔಟು" ಅಂದಳು. ಅವಳು "ಅಂಗಿಗೆ ಬಡದೈತಿ, ಮೈಗೆ ಬಡದಿಲ್ಲ, ನಾ ಔಟ್ ಅಲ್ಲ" ಅಂತ ಕೂಗಿ ಕೊನೆಯ ಕಲ್ಲು ಇಟ್ಟೇಬಿಟ್ಟಳು. ಮಗ್ಗಿ ಹುಡುಗ ಅವಳ ಪರ. ಬೆಲ್ ಹೊಡೆಯುವ ತನಕ ಜಗಳ. ಇಡೀ ಶಾಲೆಗೆ ಅವಳ ದನಿ ಕೇಳಿತಂತೆ.

ಸಾಗರದ ಸೊಸೆ
ಔಟು ಅಂದರಾ ಅವಳಿಗೆ! ನಾನು ಇಲ್ಲಿ ಒಬ್ಬಳೇ ಕೂತು ನಗುತ್ತಿದ್ದೇನೆ.

ಕೊಪ್ಪಳದ ಕೂಸು
ನಮ್ಮ ಹುಡುಗಿ! ಬಿಡಬ್ಯಾಡವ್ವಾ!

ಅಡಿಕೆಸಿಪ್ಪೆ
ಎಲ್ಲ ಸರಿ, ಆದರೆ ನಿಯಮ ನಿಯಮವೇ. ಬಟ್ಟೆಗೆ ತಾಗಿದರೂ ಔಟ್. ನಿಮ್ಮ ಮಗಳು ಹೇಳಿದ್ದು ಸರಿ.

ಭದ್ರಾವತಿ ಕಬ್ಬಿಣ
ಎಲ್ಲಿಯ ನಿಯಮ ಮಾರಾಯ್ರೆ? ನಮ್ಮಲ್ಲಿ ಮೊಣಕಾಲಿನ ಕೆಳಗೆ ತಾಗಿದರೆ ಮಾತ್ರ ಔಟ್.

ಹಳೇ ಪಿಟಿ ಮೇಷ್ಟ್ರು
ಇಬ್ಬರದ್ದೂ ತಪ್ಪು. ಮೈದಾನದಲ್ಲಿ ಯಾರಿದ್ದರೋ ಅವರು ಆಟಕ್ಕೆ ಮೊದಲು ಮಾತಾಡಿಕೊಂಡಿರಬೇಕು. ಮಾತಾಡಿಕೊಂಡಿದ್ದರಾ ಅಂತ ಕೇಳಿ.

ಮಳೆಬೀದಿ
ಕೇಳಿದೆ. ಇಲ್ಲವಂತೆ. ನಾಳೆ ಬೇಗ ಹೋಗಿ ಮಾತಾಡಿಕೊಳ್ಳುತ್ತಾರಂತೆ. ಅವಳನ್ನು ಕರೆಯಲು ಬಿಡಾರದ ದಾರಿಯಲ್ಲೇ ಹೋಗುತ್ತೇನೆ, ಎಂಟು ಗಂಟೆಗೇ ತಿಂಡಿ ಕೊಡು ಅಂದಿದ್ದಾಳೆ.